ಸತ್ತವರು ಮಾತಾಡುವ ಹಾಗಿಲ್ಲ

ಜೂನ್ 12, 2006, ಸೋಮವಾರ

ಇಂದಿನಿಂದ ನಾನು ಅಮಾನತಿನಲ್ಲಿದ್ದೇನೆ. ಆದೇಶವನ್ನು ಕೈಗೆ ಕೊಡುವ ಧೈರ್ಯ ಕಾರ್ಯದರ್ಶಿಗೆ ಬರಲಿಲ್ಲ. ಜವಾನನ ಕೈಲಿ ಕಳಿಸಿದ. ಇಪ್ಪತ್ತೊಂಬತ್ತು ವರ್ಷ ತಿಪಟೂರಿನ ಈ ಸಹಕಾರ ಸಂಘದ ಗೋದಾಮಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಹನ್ನೊಂದೂಕಾಲಿಗೆ ಬಿಚ್ಚಿ ಮೇಜಿನ ಮೇಲಿಟ್ಟು ರಸೀದಿ ಕೇಳಿದೆ. ಅದೆಲ್ಲ ಯಾಕೆ ಎಂದರು ಆಫೀಸಿನವರು. ಬೀಗದ ಕೈ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಗ ಬರೆದುಕೊಟ್ಟರು.

ಆಪಾದನೆ ಏನೆಂದರೆ, ಮಾರ್ಚ್ 22ರಂದು ಬೆಂಬಲ ಬೆಲೆಯ ಖರೀದಿಗೆ ಬಂದ ನೂರ ಅರವತ್ತು ಚೀಲ ಹಸಿ ಕೊಬ್ಬರಿಯನ್ನು ಪರೀಕ್ಷಿಸದೆ ಒಳಗೆ ಬಿಟ್ಟುಕೊಂಡು, ಅದು ಬೂಸ್ಟು ಹಿಡಿಯಲು ಕಾರಣನಾದೆ ಎಂದು. ನಡೆದದ್ದು ಬೇರೆ. ಹನ್ನೆರಡು ಚೀಲ ಬಿಚ್ಚಿಸಿ ನೋಡಿದ್ದೆ. ಎರಡು ಉಂಡೆಯನ್ನು ಒಂದಕ್ಕೊಂದು ತಟ್ಟಿದರೆ ಒಣ ಕೊಬ್ಬರಿ ಟಣ್ ಎನ್ನಬೇಕು; ಇವು ಡಬ್ ಎಂದವು. ರೈತರ ಹೆಸರಿನಲ್ಲಿ ಬಂದಿದ್ದ ವ್ಯಾಪಾರಿಯ ಮಾಲು. ವಾಪಸು ಕಳಿಸಿ ಎಂದು ಬರೆದುಕೊಟ್ಟು ಮನೆಗೆ ಬಂದೆ. ಇನ್ನೊಂದು ಬೀಗದ ಕೈ ಕಾರ್ಯದರ್ಶಿಯ ಬಳಿ ಇರುತ್ತದೆ. ಬೆಳಿಗ್ಗೆ ಹೋದರೆ ನೂರ ಅರವತ್ತೂ ಚೀಲ ಗೋದಾಮಿನೊಳಗೆ ಒಂದರ ಮೇಲೊಂದು ಅಟ್ಟಿ ಹತ್ತಿದ್ದವು. ನನ್ನ ಪತ್ರ ಆವಕ ಪುಸ್ತಕದಲ್ಲೇ ಇಲ್ಲವಂತೆ.

ವಿಚಾರಣೆಗೆ ಜೊತೆಗೊಬ್ಬ ಸಹಾಯಕನನ್ನು ಕೊಡುತ್ತೇವೆ ಎಂದು ನೌಕರರ ಒಕ್ಕೂಟದವರು ಬಂದಿದ್ದರು. 1984ರಲ್ಲಿ ಇದೇ ಜನ ಸಂಜೆ ನಿನ್ನ ಹಿಂದೆ ಇದ್ದೇವೆ ಎಂದು, ಬೆಳಿಗ್ಗೆ ಬೇರೆ ಮಾತು ಆಡಿದ್ದನ್ನು ನಾನು ಮರೆತಿಲ್ಲ. ಬೇಡ ಎಂದೆ. ಪತ್ರಿಕೆಗಳಿಗೆ, ನಗರಸಭೆಗೆ, ಮಂತ್ರಿಗಳಿಗೆ ಬರೆದ ಇನ್ನೂರ ಹದಿನಾಲ್ಕು ಪತ್ರಗಳ ಕಾರ್ಬನ್ ಪ್ರತಿಗಳು ನನ್ನ ಟ್ರಂಕಿನಲ್ಲಿವೆ. ಪ್ರತಿಯೊಂದರ ಕೆಳಗೂ ಒಂದೇ ಸಹಿ, ದೊಡ್ಡದಾಗಿ: ಪರಮಶಿವಯ್ಯ, ನಾಗರಿಕ.

‘ಊಟ ಮಾಡ್ರೀ, ಕಾಗ್ದ ಎಲ್ಲೂ ಓಡೋಗಲ್ಲ’ ಎಂದಳು ಪುಟ್ಟಗೌರಮ್ಮ. ಮದುವೆಯಾಗಿ ಮೂವತ್ತು ವರ್ಷವಾದರೂ ಇವಳಿಗೆ ಕಾಗದದ ಬೆಲೆ ಗೊತ್ತಾಗಲಿಲ್ಲ.

ಜೂನ್ 19

ಆಪಾದನಾ ಪಟ್ಟಿಗೆ ಉತ್ತರ ನಲವತ್ತೊಂದು ಪುಟವಾಯಿತು. ಟೈಪು ಮಾಡಿಸಲು ಬಿ.ಎಚ್. ರಸ್ತೆಯ ಸೈಬರ್ ಸೆಂಟರಿಗೆ ಹೋದೆ. ಅದು ಹಿಂದೆ ಬುಡನ್ ಸಾಬರ ಹೊಲಿಗೆ ಅಂಗಡಿ. ನನ್ನ ಮದುವೆಯ ಕೋಟು ಹೊಲಿದವರು ಅವರು. ಈಗ ಮಗ ರಯೀಸ್ ಕಂಪ್ಯೂಟರ್ ಇಟ್ಟಿದ್ದಾನೆ. ಅವನ ತಂಗಿ ತರನ್ನುಮ್ ಟೈಪು ಮಾಡುತ್ತಾಳೆ.

ಒಳಗೆ ಮೀಸೆ ಬಂದ ಗಂಡಸರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲೆ ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲುತ್ತಿದ್ದರು. ಒಬ್ಬ ಟೈರ್ ಅಂಗಡಿಯ ಅರ್ಮಾನ್. ಇನ್ನೊಬ್ಬ ಕೊರಿಯರ್ ಆಫೀಸಿನ ಸೂರ್ಯಪ್ರಕಾಶ್, ಡಿಗ್ರಿ ಓದಿದವನು! ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಸತ್ತವರು ಮಾತಾಡುವ ಹಾಗಿಲ್ಲ’ ಎಂದು ಬರೆದಿತ್ತು. ಇದೇನು ಎಂದು ಕೇಳಿದೆ.

‘ಆಟದ ರೂಲ್ಸು ಸಾರ್’ ಎಂದ ರಯೀಸ್. ‘ಸತ್ತೋನಿಗೆ ಕೂತ್ಕೊಂಡು ನೋಡೋದೇ ಕೆಲ್ಸ. ಯಾರ್ ಎಲ್ಲಿ ಬಚ್ಚಿಟ್ಕೊಂಡವ್ರೆ ಎಲ್ಲಾ ಕಾಣ್ತದೆ. ಹೇಳ್ಬುಟ್ರೆ ಮೋಸ.’

ತರನ್ನುಮ್ ಒಂಬತ್ತನೆಯ ಪುಟದಲ್ಲಿ ಕೈ ನಿಲ್ಲಿಸಿದಳು. ‘ಅಂದು ಗೋದಾಮಿನಲ್ಲಿ ನಾನೊಬ್ಬನೇ ಇದ್ದೆ ಅಂತ ಬರ್ದಿದೀರಾ ಸಾರ್. ಹನ್ನೆರಡು ಚೀಲ ಬಿಚ್ಚಿಸಿದೆ ಅಂತನೂ ಇದೆ. ಬಿಚ್ಚಿದ್ದು ಯಾರು?’

ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡಮ್ಮ ಎಂದೆ.

ಬಿಚ್ಚಿದವಳು, ಮತ್ತೆ ಹೊಲಿದವಳು ಭೈರಮ್ಮ. ಕೊಬ್ಬರಿ ಆರಿಸುವ ದಿನಗೂಲಿಯ ಹೆಂಗಸು. ಅವಳ ಹೆಸರು ತಂದರೆ ನಾಳೆಯಿಂದ ಗೇಟಿನೊಳಗೆ ಬಿಡುವುದಿಲ್ಲ. ಬಡವರನ್ನು ಮುಂದೆ ತಳ್ಳಿ ಹಿಂದೆ ನಿಲ್ಲುವ ಜಾಯಮಾನ ನನ್ನದಲ್ಲ. ಇದು ಸುಳ್ಳಲ್ಲ, ರಕ್ಷಣೆ.

ಜೂನ್ 21

ಕೊಲ್ಲುವುದನ್ನು ಆಟವೆಂದು ಕಲಿಸುವ ಅಂಗಡಿಗಳ ಬಗ್ಗೆ ಪತ್ರಿಕೆಗೆ ಪತ್ರ ಬರೆದೆ. ಟೈಪಿಗೆ ಬೇರೆ ಜಾಗವಿಲ್ಲದೆ ಅಲ್ಲಿಗೇ ಒಯ್ದೆ. ತರನ್ನುಮ್ ಪೂರ್ತಿ ಟೈಪು ಮಾಡಿ, ನನ್ನ ಎರಡು ಕಾಗುಣಿತದ ತಪ್ಪು ತಿದ್ದಿ ಕೊಟ್ಟಳು.

ಜುಲೈ 2, ಭಾನುವಾರ

ಅವಮಾನ. ಮಾಹಿತಿ ಹಕ್ಕಿನ ಅರ್ಜಿಯ ಪ್ರತಿ ತರಲು ಹೋಗಿದ್ದೆ. ಪ್ರಿಂಟರ್ ಕೆಟ್ಟಿತ್ತು, ಕಾಯಬೇಕಾಯಿತು. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಇವರು ತುಮಕೂರಿನ ಒಂದು ಸೆಂಟರಿನವರ ಮೇಲೆ ಭಾನುವಾರ ಪಂದ್ಯ ಕಟ್ಟುತ್ತಾರೆ. ಐದು ಜನಕ್ಕೆ ಐದು ಜನ. ಇವರ ಐದನೆಯವನು ಶೆಟ್ಟಿಕೆರೆಯಲ್ಲಿ ಅಂಗಡಿ ಇಟ್ಟು ಹೋಗಿಬಿಟ್ಟಿದ್ದಾನೆ.

‘ಸಾರ್, ಸುಮ್ನೆ ನಿಂತ್ಕೊಳ್ಳಿ ಸಾಕು’ ಎಂದ ರಯೀಸ್. ‘ನಾಲ್ಕ್ ಜನ ಆದ್ರೆ ಅವ್ರು ಆಡಲ್ಲ ಅಂತವ್ರೆ.’

‘ಬುಡಲಾ, ಸಾರ್ ಕೈಗೆ ಗನ್ ಕೊಟ್ರೆ ಮೊದ್ಲು ರಸೀದಿ ಕೇಳ್ತಾರೆ’ ಎಂದ ಅರ್ಮಾನ್. ಊರಿಗೆಲ್ಲ ಗೊತ್ತಾಗಿದೆ.

ಆ ಮಾತಿಗೇ ಕೂತೆ. ಪರದೆಯ ಮೇಲೆ ಹಳದಿ ಗೋಡೆಗಳ ಯಾವುದೋ ಊರು. ಮೊದಲ ಮೂರು ಸುತ್ತಿನಲ್ಲೂ ಎಲ್ಲರಿಗಿಂತ ಮುಂಚೆ ಸತ್ತವನು ನಾನೇ. ನಡೆಯುತ್ತ ನಡೆಯುತ್ತ ಹಿಂದೆ ಯಾರಾದರೂ ಬಂದರೇ ಎಂದು ತಿರುಗಿ ನೋಡುತ್ತೇನೆ. ಅಷ್ಟರಲ್ಲಿ ಮುಂದಿನಿಂದ ಗುಂಡು.

‘ಸಾರ್, ನಿಮ್ಮ ಹಿಂದೆ ನಾನಿದೀನಿ. ತಿರುಗ್ಬೇಡಿ. ಮುಂದೆ ಏನ್ ಕಾಣ್ತದೋ ಅಷ್ಟನ್ನ ಹೇಳಿ’ ಎಂದ ರಯೀಸ್.

ನಿನ್ನ ಹಿಂದೆ ಇದ್ದೇನೆ ಎನ್ನುವವರನ್ನು ನಾನು 1984ರಿಂದ ಬಲ್ಲೆ.

ಜುಲೈ 5

ಮೊಣಕೈ ನೋವು. ಇನ್ನು ಆ ಕಡೆ ತಲೆ ಹಾಕುವುದಿಲ್ಲ.

ಜುಲೈ 13

ಒಬ್ಬೊಬ್ಬರೇ ಆಡುವ ಆಟವೂ ಇದೆಯಂತೆ. ತಂಡವಿಲ್ಲ, ಎಲ್ಲರಿಗೂ ಎಲ್ಲರೂ ಶತ್ರು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮರದ ಪೆಟ್ಟಿಗೆಗಳ ಹಿಂದೆ ಒಂದು ಮೂಲೆ ಹುಡುಕಿಕೊಂಡಿದ್ದೇನೆ. ಎರಡು ಕಡೆ ಗೋಡೆ, ಬರುವವರು ಒಂದೇ ದಾರಿಯಲ್ಲಿ ಬರಬೇಕು. ಇಂದು ಹನ್ನೊಂದು. ಅರ್ಮಾನನನ್ನೇ ನಾಲ್ಕು ಸಲ. ‘ಸಾರ್, ಗೋದಾಮು ಬುಟ್ಟು ಆಚೆ ಬನ್ನಿ’ ಎಂದು ಕೂಗುತ್ತಿದ್ದ.

ಮನೆಯಲ್ಲಿ ಹೇಳಿದೆ. ‘ಐವತ್ತೈದಕ್ಕೆ ಬಂದೂಕ ಹಿಡ್ದವ್ರೆ’ ಎಂದು ಪುಟ್ಟಗೌರಮ್ಮ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದು ಕೇಳಿಸಿತು. ನಗುತ್ತಿದ್ದಳು. ಅವಳು ನಕ್ಕು ತಿಂಗಳಾಗಿತ್ತು.

ಜುಲೈ 23, ಭಾನುವಾರ

ಮತ್ತೆ ತುಮಕೂರಿನವರು. ಐದನೆಯವನು ಇನ್ನೂ ಸಿಕ್ಕಿಲ್ಲವೆಂದು ನನ್ನನ್ನೇ ಕೂರಿಸಿದರು. ನನ್ನ ಮೂಲೆ ಹಿಡಿದು ಒಂಬತ್ತು ಜನರನ್ನು ಹೊಡೆದೆ. ತರನ್ನುಮ್ ಕೂಡ ಇವರ ತಂಡದವಳು; ಅವಳದು ಹದಿನಾಲ್ಕು. ಆದರೂ ಸುತ್ತುಗಳ ಲೆಕ್ಕದಲ್ಲಿ ಹದಿನಾರಕ್ಕೆ ಐದರಿಂದ ಸೋತರು. ನನ್ನ ಪಾಲಿನ ಕೆಲಸ ನಾನು ಮಾಡಿದ್ದೇನೆ ಎಂದೆ.

ರಯೀಸ್ ಹೆಡ್‌ಫೋನ್ ತೆಗೆದಿಟ್ಟ. ಮಾತಾಡಿದವಳು ತರನ್ನುಮ್. ‘ನಾನೂ ಮೊದ್ಲು ಹಿಂಗೇ ಆಡ್ತಿದ್ದೆ ಸಾರ್. ಇವತ್ತೂ ಹಂಗೇ ಆಡ್ದೆ. ನೀವು ಮೂಲೇಲಿ ಲೆಕ್ಕ ಮಾಡ್ಕೊಂಡ್ ಕೂತ್ರಿ, ನಾನು ಒಬ್ಳೇ ಓಡ್ದೆ. ಇವ್ರು ಮೂರು ಜನ ಬಾಗಿಲಲ್ಲಿ ಸತ್ರು. ಸ್ಕೋರೆಲ್ಲಾ ನಮ್ದು, ಮ್ಯಾಚ್ ಅವರ್ದು.’

ಹೆಣ್ಣುಮಗಳು, ಮುಖ ನೋಡಿ ಹೇಳಿದಳು. ಉತ್ತರ ಹೊಳೆದಾಗ ಬರೆಯುತ್ತೇನೆ.

ಆಗಸ್ಟ್ 6, ಭಾನುವಾರ

ಇಂದು ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ಹದಿನೈದು–ಹದಿನೈದು ಆಗಿತ್ತು. ಕೊನೆಯ ಸುತ್ತು. ನಾನು ಸತ್ತಿದ್ದೆ. ನಮ್ಮ ಕಡೆ ಉಳಿದಿದ್ದವನು ಸೂರ್ಯಪ್ರಕಾಶ್ ಒಬ್ಬನೇ. ಬಾಗಿಲ ಹಿಂದೆ ತುಮಕೂರಿನವನು ಅವಿತಿರುವುದು ಸತ್ತ ನನ್ನ ಪರದೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಸೂರ್ಯಪ್ರಕಾಶ್ ನೇರವಾಗಿ ಅಲ್ಲಿಗೇ ಹೋಗುತ್ತಿದ್ದ. ‘ಬಾಗಿಲ ಹಿಂದೆ!’ ಎಂದು ಕೂಗಿಬಿಟ್ಟೆ. ಅವನು ತಿರುಗಿ ಹೊಡೆದ. ಗೆದ್ದೆವು.

ಯಾರೂ ಕೂಗಾಡಲಿಲ್ಲ. ರಯೀಸ್ ತುಮಕೂರಿನವರಿಗೆ ಏನೋ ಟೈಪು ಮಾಡಿದ. ಸುತ್ತು ಅವರದೆಂದು ಬಿಟ್ಟುಕೊಟ್ಟಿದ್ದ.

ನನಗೆ ತಡೆಯಲಾಗಲಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳಬಾರದೆಂಬುದು ಯಾವ ನ್ಯಾಯ? ಈ ದೇಶ ಹಾಳಾಗಿರುವುದೇ ಕಂಡವರು ಬಾಯಿ ಮುಚ್ಚಿಕೊಂಡಿರುವುದರಿಂದ ಎಂದೆ. ಇನ್ನೂ ಬಹಳ ಹೇಳಿದೆ.

ರಯೀಸ್ ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ, ‘ಸತ್ ಮೇಲೆ ಎಲ್ಲಾರ್ಗೂ ಎಲ್ಲಾ ಕಾಣ್ತದೆ ಸಾರ್. ಅದಕ್ಕೇನು ಧೈರ್ಯ ಬೇಕು? ಅದೇ ಬಾಗಿಲ ಮುಂದೆ ನೀವು ಜೀವಂತ ಇದ್ರಿ. ಅವ್ನು ಒಳಗೆ ಹೋಗಿದ್ದು ನೋಡಿದ್ರಿ. ಆಗ ಯಾಕ್ ಹೇಳ್ಲಿಲ್ಲ?’ ಎಂದ.

ನೋಡಿದ್ದೆ. ನಾನೇ ಹೊಡೆಯೋಣ ಎಂದುಕೊಂಡಿದ್ದೆ. ಅಥವಾ ಯಾರೂ ಕೇಳಲಿಲ್ಲ ಎಂದುಕೊಂಡಿರಬೇಕು.

ಆಗಸ್ಟ್ 7

ಯಾರೂ ಕೇಳಲಿಲ್ಲ ಎಂಬ ಮಾತು ಬರೆದ ಮೇಲೆ ಬೇರೊಂದು ನೆನಪಾಗುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬರೆದಿಡುತ್ತೇನೆ, ಅಷ್ಟೆ.

1991ರ ನವೆಂಬರ್. ಆಗಿನ ಕಾರ್ಯದರ್ಶಿ ಚೀಲಗಳನ್ನು ಹದಿನಾರು ಸಾಲು ಎತ್ತರಕ್ಕೆ ಹೇರಿಸಿದ. ಹತ್ತರ ಮೇಲೆ ಹೇರಬಾರದು. ಅಟ್ಟಿ ಕುಸಿದು ಹಮಾಲಿ ದುರ್ಗಯ್ಯನ ಎಡಗಾಲು ಜಜ್ಜಿಹೋಯಿತು. ಅವನು ಕುಡಿದು ಮೇಲೆ ಹತ್ತಿದ್ದ ಎಂದು ಸಂಘ ಬರೆದುಕೊಂಡಿತು. ಪರಿಹಾರವಿಲ್ಲ, ಕೆಲಸವೂ ಇಲ್ಲ. ಅವನು ಕುಡಿದಿರಲಿಲ್ಲ. ಅರ್ಧ ಗಂಟೆ ಮೊದಲು ನನ್ನ ಮುಂದೆ ನಿಂತು ಇಷ್ಟೆತ್ತರ ಬೇಡ ಎಂದಿದ್ದ. ಸಮಿತಿ ಬಂದು ಎರಡು ದಿನ ಕೂತಿತ್ತು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ನನ್ನನ್ನು ಕರೆಯಲಿಲ್ಲ. ಕರೆದಿದ್ದರೆ ಹೇಳುತ್ತಿದ್ದೆ.

ದುರ್ಗಯ್ಯ ಭೈರಮ್ಮನ ಗಂಡ.

ಆಗಸ್ಟ್ 17

ವಿಚಾರಣೆ ಸೆಪ್ಟೆಂಬರ್ 18ಕ್ಕೆ, ಸಂಘದ ಮಹಡಿಯ ಮೇಲೆ. ತುಮಕೂರಿನಿಂದ ಅಧಿಕಾರಿ ಬರುತ್ತಾರೆ. ಸಾಕ್ಷಿಗಳ ಪಟ್ಟಿ ಕೊಡಬೇಕು. ಆಪಾದನೆ ರುಜುವಾತಾದರೆ ವಜಾ. ನಿವೃತ್ತಿಗೆ ಮೂರು ವರ್ಷವಿದೆ.

ಸಾಕ್ಷಿಗಳ ಕಾಲಂ ಮುಂದೆ ಬಹಳ ಹೊತ್ತು ಕೂತಿದ್ದೆ. ‘ಇಲ್ಲ’ ಎಂದು ಬರೆದೆ. ಹಾಳೆ ಹರಿದೆ.

ಆಗಸ್ಟ್ 24

ನೊಣವಿನಕೆರೆಗೆ ಹೋಗಿದ್ದೆ. ಬಸ್ ಇಳಿದು ಭೈರಮ್ಮನ ಮನೆ ಕೇಳಿಕೊಂಡು ಹೋಗಬೇಕಾಯಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋದವನಲ್ಲ. ದುರ್ಗಯ್ಯ ಜಗಲಿಯ ಮೇಲೆ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದ. ಎಡಗಾಲು ನೇರಕ್ಕೆ ಚಾಚಿತ್ತು. ಅದನ್ನು ಮಡಿಸಲು ಬರುವುದಿಲ್ಲ. ಕೈ ನಿಲ್ಲಿಸಲಿಲ್ಲ, ಕೂತ್ಕೊಳ್ಳಿ ಎನ್ನಲೂ ಇಲ್ಲ. ಭೈರಮ್ಮ ಚಾಪೆ ಹಾಕಿದಳು.

ನನ್ನ ಉತ್ತರದಲ್ಲಿ ಏನು ಬರೆದಿದ್ದೇನೆ, ಅವಳ ಹೆಸರನ್ನು ಯಾಕೆ ಬಿಟ್ಟೆ ಎಂಬುದನ್ನು ವಿವರಿಸಿದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

‘ನಮ್ಮನ್ನ ಒಂದ್ ಮಾತ್ ಕೇಳಿದ್ರಾ ಸ್ವಾಮಿ? ದಬ್ಬಳ ಹಿಡ್ದು ಹೊಲ್ದೋಳು ನಾನು. ನೀವು ಕಾಗ್ದದಾಗೆ ನನ್ನ ಇಲ್ಲ ಅನ್ನಿಸ್ಬುಟ್ರಿ.’

‘ನಿನ್ನ ಕೂಲಿ ಹೋಗ್ತದಲ್ಲ ಅಂತ...’

‘ಹೋದ್ರೆ ನಂದು ಹೋಯ್ತದೆ. ಅದ್ನ ನಾನ್ ನೋಡ್ಕಂತೀನಿ. ನಿಮ್ ತಾವ ಬಂದು ಕಾಪಾಡಿ ಅಂದ್ನಾ?’ ಒಳಗೆ ಹೋಗಿ ನೀರು ತಂದಿಟ್ಟಳು. ಸಿಟ್ಟು ಇಳಿದಿರಲಿಲ್ಲ. ‘ಆ ಹನ್ನೆರ್ಡು ಚೀಲ ಅಟ್ಟಿಯೊಳ್ಗೆ ಈಗ್ಲೂ ಅವೆ. ಹುಡುಕುದ್ರೆ ಸಿಕ್ತವೆ.’

ನೂರ ಅರವತ್ತು ಒಂದೇ ತರಹದ ಚೀಲದಲ್ಲಿ ಅವನ್ನು ಗುರುತಿಸುವುದು ಹೇಗೆ ಎಂದೆ.

‘ಒಳಿಕ್ಕೆ ಹೋಗೋ ಚೀಲದ ಬಾಯಿ ಹೊಲ್ದು ಬಲಗಡೆ ಗಂಟು ಹಾಕ್ತೀವಿ. ವಾಪಸ್ ಹೋಗೋದಕ್ಕೆ ಎಡಗಡೆ, ಸುತಲಿ ಜೊತೆಗೆ ಒಂದೆಳೆ ನಾರು ಸೇರ್ಸಿ. ನಮ್ಮತ್ತೆ ಕಾಲ್ದಿಂದ್ಲೂ ಹಂಗೇ. ಇಷ್ಟ್ ವರ್ಸ ಗೋದಾಮ್ನಾಗೆ ಇದ್ದು ನೋಡೇ ಇಲ್ವಾ?’

ನೋಡಿರಲಿಲ್ಲ. ನಾನು ಚೀಲಕ್ಕೆ ಅಂಟಿಸಿದ ಚೀಟಿಯನ್ನಷ್ಟೇ ಓದುತ್ತಿದ್ದೆ.

ಹೊರಡಲು ಎದ್ದಾಗ ದುರ್ಗಯ್ಯ ಮೊದಲ ಸಲ ಮಾತಾಡಿದ. ‘ಅವತ್ತು ನೀವು ಬಾಗ್ಲ ತಾವ್ಲೇ ನಿಂತಿದ್ರಿ.’

‘ಹೌದು’ ಎಂದೆ.

‘ನಾನು ಕುಡ್ದಿರ್ಲಿಲ್ಲ.’

‘ಹೌದು.’

ಇನ್ನೇನೋ ಹೇಳುತ್ತಾನೆ ಎಂದು ಕಾದೆ. ‘ಬುಡಿ’ ಎಂದು ಹಗ್ಗಕ್ಕೆ ಮತ್ತೊಂದು ಎಳೆ ಸೇರಿಸಿದ. ಅಂಗಳ ದಾಟಿದ ಮೇಲೆ ಅವನ ದನಿ ಕೇಳಿಸಿತು. ‘ಯಾವತ್ತು ವಿಚಾರ್ಣೆ?’

ಹದಿನೆಂಟು ಎಂದೆ.

ಆಗಸ್ಟ್ 27, ಭಾನುವಾರ

ಹದಿನಾರು–ಹದಿಮೂರು. ಗೆದ್ದೆವು. ನನ್ನದು ಎರಡೇ. ಪರದೆಯೊಳಗಿನ ಮಾರುಕಟ್ಟೆಯ ಬಾಗಿಲಲ್ಲಿ ನಿಂತು, ಇಬ್ಬರು ಬಂದರು, ಒಬ್ಬ ಎಡಕ್ಕೆ, ಒಬ್ಬ ಮೆಟ್ಟಿಲಿಗೆ ಎಂದು ಹೇಳುವುದಷ್ಟೇ ನನಗೆ ಒಪ್ಪಿಸಿದ ಕೆಲಸ. ‘ಸಾರ್ ರೇಡಿಯೋ ವಾರ್ತೆ ಓದ್ದಂಗೆ ಹೇಳ್ತಾರೆ ಕಣ್ಲಾ’ ಎಂದ ಅರ್ಮಾನ್. ಎಲ್ಲರಿಗೂ ಚಹಾ ತರಿಸಿದೆ.

ಸೆಪ್ಟೆಂಬರ್ 4

ಸಾಕ್ಷಿಗಳ ಪಟ್ಟಿ ಕೊಟ್ಟೆ. ಇಬ್ಬರು: ಭೈರಮ್ಮ, ದುರ್ಗಯ್ಯ. ತರನ್ನುಮ್ ಟೈಪು ಮಾಡಿದಳು. ಹಳೆಯ ನಲವತ್ತೊಂದು ಪುಟದಲ್ಲಿ ಏನಾದರೂ ತೆಗೆಯಬೇಕೇ ಎಂದು ಕೇಳಿದಳು. ಕೊಟ್ಟಾಗಿದೆ, ತೆಗೆಯಲು ಬರುವುದಿಲ್ಲ. ಬಾಯಲ್ಲೇ ಹೇಳಬೇಕು ಎಂದೆ.

ಸೆಪ್ಟೆಂಬರ್ 18, ಸೋಮವಾರ

ಹನ್ನೊಂದಕ್ಕೆ ಶುರುವಾಯಿತು. ಅಧಿಕಾರಿ ವಯಸ್ಸಾದವರು, ಕನ್ನಡಕ ಒರೆಸುತ್ತಲೇ ಇದ್ದರು. ನನ್ನ ನಲವತ್ತೊಂದು ಪುಟ ಅವರ ಮುಂದಿತ್ತು. ‘ಇದ್ನೆಲ್ಲ ಓದ್ಬೇಕೇನ್ರೀ?’ ಎಂದರು.

ಬೇಡ ಎಂದೆ. ಕಂಡದ್ದನ್ನು ಹೇಳಿದೆ. ಹನ್ನೆರಡು ಚೀಲ. ಹಸಿಯಾಗಿತ್ತು. ವಾಪಸು ಕಳಿಸಿ ಎಂದು ಬರೆದೆ. ಐದೂವರೆಗೆ ಬೀಗ ಹಾಕಿದೆ. ಬೆಳಿಗ್ಗೆ ಅಟ್ಟಿಯಲ್ಲಿದ್ದವು. ಐದು ನಿಮಿಷವೂ ಆಗಲಿಲ್ಲ.

‘ಒಂಬತ್ತನೇ ಪುಟದಾಗೆ ನಾನೊಬ್ಬನೇ ಇದ್ದೆ ಅಂತೈತಲ್ರೀ. ಮತ್ತೆ ಈಯಮ್ಮ ಯಾರು?’

‘ಅದು ಸುಳ್ಳು ಸ್ವಾಮಿ. ನಾನೇ ಬರೆದ ಸುಳ್ಳು. ಇವರು ನನ್ನ ಪಕ್ಕದಲ್ಲಿದ್ದರು.’

ಕಾರ್ಯದರ್ಶಿ ನಕ್ಕ. ಸುಳ್ಳು ಬರೆದವನ ಮಾತು ಯಾವ ಲೆಕ್ಕಕ್ಕೆ ಎಂದ. ನ್ಯಾಯವಾದ ಪ್ರಶ್ನೆ. ಭೈರಮ್ಮನವರು ಎದ್ದು ನಿಂತು, ‘ಅವ್ರ ಮಾತ್ ಬುಡಿ ಸ್ವಾಮಿ, ಚೀಲನೇ ನೋಡಿ ಬನ್ನಿ’ ಎಂದರು.

ಎಲ್ಲರೂ ಗೋದಾಮಿಗೆ ಇಳಿದೆವು. ಮೂರು ತಿಂಗಳ ಮೇಲೆ ಒಳಗೆ ಕಾಲಿಟ್ಟೆ. ಬೂಸ್ಟಿನ ವಾಸನೆ ಮೂಗಿಗೆ ಹೊಡೆಯಿತು. ಹಮಾಲಿಗಳು ಅಟ್ಟಿಯ ಮಧ್ಯಕ್ಕೆ ಕೈ ಹಾಕುವುದರಲ್ಲಿದ್ದರು. ಬಾಗಿಲ ಕಡೆಯಿಂದ ‘ಮಧ್ಯದ್ದು ಎಳೀಬ್ಯಾಡ್ರಲಾ! ಮ್ಯಾಗ್ಲಿಂದ ಇಳ್ಸಿ’ ಎಂದು ದನಿ ಬಂತು. ದುರ್ಗಯ್ಯನವರು ಕೋಲೂರಿಕೊಂಡು ಒಳಗೆ ಬಂದರು. ಹದಿನೈದು ವರ್ಷದ ಮೇಲೆ. ಒಂದೊಂದು ಸಾಲನ್ನೂ ಅವರೇ ಹೇಳಿ ಇಳಿಸಿದರು.

ಏಳನೆಯ ಸಾಲಿನಲ್ಲಿ ಮೊದಲನೆಯದು ಸಿಕ್ಕಿತು. ಎಡಗಡೆ ಗಂಟು, ಒಂದೆಳೆ ನಾರು. ಅಧಿಕಾರಿ ಬಗ್ಗಿ, ಬೆರಳಿನಿಂದ ಮುಟ್ಟಿ ನೋಡಿದರು. ‘ಇವು ವಾಪಸ್ ಹೋಗ್ಬೇಕಾದ ಚೀಲ’ ಎಂದರು ಭೈರಮ್ಮನವರು. ಕೊಬ್ಬರಿ ಆರಿಸುವ ಹೆಂಗಸರನ್ನು ಅಧಿಕಾರಿ ಒಬ್ಬೊಬ್ಬರನ್ನೇ ಕರೆದು, ಬೇರೆ ಬೇರೆಯಾಗಿ ಕೇಳಿದರು. ಎಲ್ಲರೂ ಅದನ್ನೇ ಹೇಳಿದರು. ಸಂಜೆಯ ಹೊತ್ತಿಗೆ ಹನ್ನೊಂದು ಸಿಕ್ಕವು. ಹನ್ನೆರಡನೆಯದರ ಬಾಯನ್ನು ಇಲಿ ತಿಂದಿತ್ತು.

ಇನ್ನೇನಾದರೂ ಹೇಳುವುದಿದೆಯೇ ಎಂದು ಅಧಿಕಾರಿ ಕೇಳಿದರು.

ಇದೆ ಎಂದೆ. 1991ರದ್ದು ಹೇಳಿದೆ. ಹದಿನಾರು ಸಾಲು, ಬೇಡ ಎಂದದ್ದು, ಕುಡಿದಿರಲಿಲ್ಲ ಎಂಬುದು. ಅದು ಈ ವಿಚಾರಣೆಗೆ ಬರುವುದಿಲ್ಲ ಎಂದರು. ಬರೆದುಕೊಳ್ಳಿ ಎಂದೆ. ಕಾರ್ಯದರ್ಶಿ, ಹಳೆಯ ಕಥೆ, ಅಂದು ಇವರೆಲ್ಲಿದ್ದರಂತೆ ಎಂದ. ಅಧಿಕಾರಿಯೂ ಅದನ್ನೇ ಕೇಳಿದರು. ‘ಆಗ ಯಾಕ್ರೀ ಹೇಳಲಿಲ್ಲ?’

‘ಯಾರೂ ಕೇಳಲಿಲ್ಲ ಎಂದು ಹದಿನೈದು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಇವತ್ತೂ ಇದನ್ನು ಯಾರೂ ಕೇಳಲಿಲ್ಲ.’

ಅವರು ಕನ್ನಡಕ ಹಾಕಿಕೊಂಡು ಬರೆದುಕೊಂಡರು. ನನ್ನ ಹಿಂದೆ ಸಿಮೆಂಟಿನ ನೆಲದ ಮೇಲೆ ಕೋಲು ಊರಿದ ಸದ್ದು ಕೇಳಿಸಿತು. ಹತ್ತಿರದಲ್ಲೇ ನಿಂತಿತು. ನಾನು ಅಧಿಕಾರಿಯ ಲೇಖನಿಯನ್ನೇ ನೋಡುತ್ತಿದ್ದೆ. ತಿರುಗಲಿಲ್ಲ.

ಸೆಪ್ಟೆಂಬರ್ 20

ಭೈರಮ್ಮನವರನ್ನು ಗೇಟಿನಲ್ಲಿ ತಡೆದರಂತೆ. ಉಳಿದ ಹೆಂಗಸರು ಹೊರಗೇ ಕೂತರಂತೆ. ಹತ್ತೂವರೆಗೆ ಎಲ್ಲರನ್ನೂ ಒಳಗೆ ಬಿಟ್ಟರು.

ಅಕ್ಟೋಬರ್ 14, ಶನಿವಾರ

ಆದೇಶ ಬಂತು. ಆಪಾದನೆ ರುಜುವಾತಾಗಿಲ್ಲ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ವಾಗ್ದಂಡನೆ, ದಬ್ಬೇಘಟ್ಟದ ಉಪಗೋದಾಮಿಗೆ ವರ್ಗ. ವಾಗ್ದಂಡನೆ ಸರಿಯಾಗಿಯೇ ಇದೆ. ಕಾರ್ಯದರ್ಶಿಯ ಮೇಲೆ ಬೇರೆ ವಿಚಾರಣೆ. ಕೊನೆಯ ಸಾಲು: 1991ರ ವಿಷಯ ಈ ವ್ಯಾಪ್ತಿಗೆ ಬರುವುದಿಲ್ಲ, ಸಂಬಂಧಪಟ್ಟವರು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬಹುದು.

ಸಲ್ಲಿಸುತ್ತಿದ್ದೇವೆ. ಒಂದೂಕಾಲು ಪುಟ. ದುರ್ಗಯ್ಯನವರು ಹೇಳಿದರು, ನಾನು ಬರೆದೆ, ತರನ್ನುಮ್ ಟೈಪು ಮಾಡಿದಳು. ‘ಕೆಳಗೆ ಯಾರ ಹೆಸ್ರು ಸಾರ್?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಾಲು ಬಿಡುತ್ತಾ ಹೋದಳು.

ದುರ್ಗಯ್ಯನವರ ಹೆಬ್ಬೆಟ್ಟು, ಭೈರಮ್ಮನವರದು, ಆರಿಸುವ ಒಂಬತ್ತು ಹೆಂಗಸರದು, ಅಂದು ಅಟ್ಟಿಯ ಬಳಿ ಇದ್ದ ಇಬ್ಬರು ಹಳೆಯ ಹಮಾಲಿಗಳದು. ನನ್ನ ಸರದಿ ಬರುವಷ್ಟರಲ್ಲಿ ಹಾಳೆಯಲ್ಲಿ ಜಾಗ ಮುಗಿದಿತ್ತು. ಅಂಚಿನಲ್ಲಿ, ಅಡ್ಡಕ್ಕೆ, ಚಿಕ್ಕದಾಗಿ ಸಹಿ ಹಾಕಿದೆ.